ಮೂರು ಲೋಟ ಕಾಫಿಯ ಹೊತ್ತು

ಸೆಗೆದ್,
ಮೇ 2, 2024, ಗುರುವಾರ

ಪ್ರೀತಿಯ ಅಪ್ಪ,

ಪೊರೆ ತೆಗೆಸಿದ ಮೇಲೆ ಎಡಗಣ್ಣು ಹೇಗಿದೆ? ನೀರು ಸೋರುವುದು ನಿಂತಿತೆ? ಕಳೆದ ವಾರ ಫೋನಿನಲ್ಲಿ ಮಗ್ದೊಲ್ನಾ ಚಿಕ್ಕಮ್ಮ ಹೇಳಿದರು: “ಅವರಿಗೆ ಇಪ್ಪತ್ತಡಿ ದೂರದ ದ್ರಾಕ್ಷಿ ಬಳ್ಳಿ ಮೇಲಿರೋ ಹುಳ ಕಾಣ್ಸುತ್ತೆ, ಮೂಗಿನ ಕೆಳಗಿಟ್ಟ ಮಾತ್ರೆ ಕಾಣ್ಸಲ್ಲ.” ಅದನ್ನು ಕೇಳಿ ನೀವು ಚೆನ್ನಾಗಿದ್ದೀರಿ ಎಂದುಕೊಂಡೆ. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಬಿಡಬೇಡಿ. ಇನ್ನೂ ಒಂದು ತಿಂಗಳು ಓದಬಾರದು ಎಂದು ಕಣ್ಣಿನ ಡಾಕ್ಟರು ಹೇಳಿರುವುದರಿಂದ ಈ ಪತ್ರವನ್ನು ಚಿಕ್ಕಮ್ಮನೇ ನಿಮಗೆ ಓದಿ ಹೇಳುತ್ತಾರೆ. ಹಾಗಾಗಿ ನಿಮಗೆ ಗೊತ್ತಿರುವ ಸಂಗತಿಗಳನ್ನೂ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಅವರಿಗೆ ಅರ್ಥವಾಗದ ಯಾವ ಸಾಲೂ ಇದರಲ್ಲಿ ಇರಬಾರದು ಎಂಬುದು ನನ್ನ ಆಸೆ. ನಿಮ್ಮ ಕಡೆ ಬಾಲಾಟನ್ ಸರೋವರದ ಗಾಳಿ ಈ ಸಲ ಚಳಿಯಂತೆ. ಇಲ್ಲಿ ತಿಸಾ ನದಿ ಕೆಳಗಿನ ಮೆಟ್ಟಿಲವರೆಗೆ ಬಂದು ಇಳಿದುಹೋಯಿತು. ನಾನು ಆರೋಗ್ಯವಾಗಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ, ಇದನ್ನು ಬರೆಯಬೇಕೆಂದು ತೀರ್ಮಾನಿಸಿದ ಮೇಲೆ ಇನ್ನೂ ಚೆನ್ನಾಗಿ.

ಕೋಟಿನ ಕೋಣೆಯ ಶರೊಲ್ತಾ ನಿಮಗೆ ನೆನಪಿದ್ದಾಳೆ ಎಂದುಕೊಂಡಿದ್ದೇನೆ. ನಮ್ಮ ಸಂಶೋಧನಾ ಸಂಸ್ಥೆಯ ಬಾಗಿಲಲ್ಲೇ ಕುಳಿತು ಎಲ್ಲರ ಕೋಟು, ಟೋಪಿ ತೆಗೆದುಕೊಂಡು ಹಿತ್ತಾಳೆಯ ಬಿಲ್ಲೆ ಕೊಡುವವಳು. ನೀವು ನಿವೃತ್ತರಾದ ದಿನ ಬಿಟ್ಟುಹೋದ ಛತ್ರಿ ಇನ್ನೂ ಅವಳ ಕಂಬಿಯ ಕೊನೆಯ ಕೊಕ್ಕೆಯಲ್ಲಿದೆ. “ಪ್ರೊಫೆಸರ್ ಸಾಹೇಬ್ರು ಮಳೆ ಬಂದ್ರೆ ಬರ್ತಾರೆ” ಎಂದು ಅವಳು ಅದನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಎರಡು ವರ್ಷದ ಹಿಂದೆ ಅವಳ ಕರುಳಿನಲ್ಲಿ ಗಡ್ಡೆ ಕಂಡು ತೆಗೆಸಿದರು. ಈ ಜನವರಿಯಲ್ಲಿ ಅದು ಯಕೃತ್ತಿನಲ್ಲಿ ಮತ್ತೆ ಕಾಣಿಸಿಕೊಂಡಿತು. ನಮ್ಮ ಊರಿನಲ್ಲೂ ಇನ್ನೆರಡು ಊರುಗಳಲ್ಲೂ ಈಗ ಒಂದು ಹೊಸ ಔಷಧದ ಪರೀಕ್ಷೆ ನಡೆಯುತ್ತಿದೆ. ಅದು ರಕ್ತನಾಳದ ಮೂಲಕ ಹರಿಸುವ ಔಷಧ. ಕ್ಯಾನ್ಸರ್ ಕಣದ, ಅಂದರೆ ಜೀವಕೋಶದ, ಮೈಮೇಲಿರುವ ಒಂದು ಅಣುವನ್ನು ಹುಡುಕಿ ಹಿಡಿದು, ದೇಹದ ಕಾವಲು ಕಣಗಳನ್ನು ಅಲ್ಲಿಗೆ ಕರೆಯುತ್ತದೆ. ಆ ಅಣು ಬೇರೆ ಯಾವುದೂ ಅಲ್ಲ. ನೀವು ಹದಿನೇಳನೇ ಇಲಿಯಿಂದ ಪಡೆದ ಪ್ರತಿಕಾಯದಿಂದ ಕಂಡುಹಿಡಿದು, ನಾವೆಲ್ಲ ಮನೆಯವರ ಹೆಸರಿನಂತೆ ‘ಹದಿನೇಳು’ ಎಂದು ಕರೆಯುವ ಅದೇ ಅಣು. ಶರೊಲ್ತಾ ಅರ್ಜಿ ಹಾಕಿದಳು. ವಾಪಸು ಬಂತು. ನಿಯಮಾವಳಿಯ ಒಂಬತ್ತನೇ ಕಲಮು: ರೋಗವು ಯಕೃತ್ತಿಗೆ ಹರಡಿದವರನ್ನು ಸೇರಿಸಿಕೊಳ್ಳತಕ್ಕದ್ದಲ್ಲ. ಅಡಿಟಿಪ್ಪಣಿಯಲ್ಲಿ ಕಾರಣವಿದೆ. ಹರಡಿದ ಕಣಗಳ ಮೈಮೇಲೆ ಹದಿನೇಳು ಇರುವುದಿಲ್ಲ, ಆದ್ದರಿಂದ ಔಷಧಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ನೋಡಿ, ಹರ್ಶಾನಿ ವಿದೊರ್, 1988. ಅಂದರೆ ನಿಮ್ಮ ಲೇಖನ.

ಶರೊಲ್ತಾ ನನ್ನ ಕೋಟು ತೆಗೆದುಕೊಳ್ಳುತ್ತ ಹೇಳಿದಳು: “ಡಾಕ್ಟ್ರೇ, ಇಪ್ಪತ್ತೆಂಟು ವರ್ಷ ನಿಮ್ಮೆಲ್ರ ಬಟ್ಟೆ ಕಾಯ್ದೆ. ಈಗ ನೋಡಿದ್ರೆ ನನ್ನ ಕಣಗಳೇ ಬೆತ್ತಲೆ ಓಡಾಡ್ತಿವೆಯಂತೆ. ನಮ್ಮ ಯಜಮಾನ್ರಿಗೆ ಹೇಗೆ ಹೇಳ್ಲಿ?” ನಾನು ನಕ್ಕೆ. ಅವಳು ನನ್ನನ್ನು ನಗಿಸಲೆಂದೇ ಹೇಳಿದ್ದು. ಬಿಲ್ಲೆ ಕೈಗಿಟ್ಟು, “ನಿಮ್ಮ ಅಪ್ಪಾಜಿ ಬರೆದಿದ್ದಾರೆ ಅಂದ್ಮೇಲೆ ಸರಿ ಇರುತ್ತೆ ಬಿಡಿ” ಎಂದಳು. ಆ ಕೊನೆಯ ಮಾತನ್ನು ಅವಳು ತಮಾಷೆಗೆ ಹೇಳಲಿಲ್ಲ.

‘ಬೆತ್ತಲೆ ಕಣ’ ನಿಮ್ಮ ಮಾತು. ನಮ್ಮ ಊಟದ ಮೇಜಿನ ಮೇಲೆ ಹುಟ್ಟಿದ್ದು. ಮೀನಿನ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ನೀವು ಅಮ್ಮನಿಗೂ ನನಗೂ ವಿವರಿಸಿದ ಆ ಸಂಜೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. “ಮೈಗೆಲ್ಲ ಎಣ್ಣೆ ಸವರ್ಕೊಂಡ ಕಳ್ಳ ನೋಡು, ಮಗು. ಪೊಲೀಸರಿಗೆ ಹಿಡಿಯೋಕೆ ಅಂಗಿ ತುದಿ ಕೂಡ ಸಿಗಲ್ಲ. ಗಡ್ಡೆ ಬಿಟ್ಟು ಹೊರಟ ಕಣ ಹಾಗೇ ತನ್ನ ಗುರುತೆಲ್ಲ ಕಳಚಿಟ್ಟು ಹೋಗುತ್ತೆ.” ನನಗಾಗ ಒಂಬತ್ತು ವರ್ಷ. ಆ ಕಳ್ಳನನ್ನು ನಾನು ಬಹಳ ದಿನ ಮೆಚ್ಚಿಕೊಂಡಿದ್ದೆ. ಆಮೇಲೆ ನಿಮ್ಮದೇ ಪ್ರಯೋಗಶಾಲೆಗೆ ಬಂದು ಹತ್ತೊಂಬತ್ತು ವರ್ಷ ಅವನ ಹಿಂದೆಯೇ ನಡೆದೆ.

ಈಸ್ಟರ್ ರಜೆಯಲ್ಲಿ ಆದದ್ದನ್ನು ಈಗ ಹೇಳುತ್ತೇನೆ. ಶರೊಲ್ತಾ ತನ್ನ ಯಕೃತ್ತಿನಿಂದ ತೆಗೆದ ಚೂರಿನಲ್ಲಿ ಉಳಿದದ್ದನ್ನು ನಮಗೆ ಕೊಟ್ಟಿದ್ದಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತ, “ಕೋಟಿನ ಹಾಗೆ ಇದಕ್ಕೂ ಬಿಲ್ಲೆ ಕೊಡ್ತೀರಾ?” ಎಂದು ಕೇಳಿದ್ದಳು. ಆ ಕಣಗಳು ತಟ್ಟೆಯಲ್ಲಿ ಚೆನ್ನಾಗಿ ಬೆಳೆದವು. ಎಣಿಸಬೇಕಾದರೆ ಅವನ್ನು ಮೊದಲು ತಟ್ಟೆಯ ತಳದಿಂದ ಬಿಡಿಸಬೇಕು. ಚಿಕ್ಕಮ್ಮ, ಇದು ನಿಮಗಾಗಿ: ಹೀಗೆ ಬಿಡಿಸಲು ನಾವು ಟ್ರಿಪ್ಸಿನ್ ಎಂಬ ದ್ರವ ಸುರಿಯುತ್ತೇವೆ. ನಮ್ಮ ಕರುಳಿನಲ್ಲಿ ಮಾಂಸ ಜೀರ್ಣವಾಗುವುದೂ ಅದರಿಂದಲೇ. ಕಣಗಳ ಅಂಟನ್ನು ಅದು ಕತ್ತರಿಸುತ್ತದೆ, ಅವು ತೇಲಿಬರುತ್ತವೆ. ಆ ವಾರ ರಜೆಯ ದೆಸೆಯಿಂದ ಟ್ರಿಪ್ಸಿನ್ ಬಂದಿರಲಿಲ್ಲ. ಕಣಗಳು ಕಾಯುವ ಸ್ಥಿತಿಯಲ್ಲಿರಲಿಲ್ಲ. ನಿಮ್ಮ ಪ್ರಯೋಗಶಾಲೆಯ ಸಹಾಯಕಿಯಾಗಿದ್ದ, ನಾನು ಚಿಕ್ಕಂದಿನಿಂದ ಅತ್ತೆ ಎಂದೇ ಕರೆಯುವ ಎತೆಲ್ಕಾ ಅವರ ಹಳೆಯ ಮೇಜಿನ ಖಾನೆಯಲ್ಲಿ ಅವರೇ ಮಾಡಿಕೊಂಡಿದ್ದ ಕೆರೆಯುವ ಕಡ್ಡಿ ಸಿಕ್ಕಿತು. ಗಾಜಿನ ಕಡ್ಡಿ, ತುದಿಗೆ ಸೈಕಲ್ ಟ್ಯೂಬಿನ ತುಂಡು. ತಣ್ಣನೆಯ ಉಪ್ಪುನೀರಿನಲ್ಲಿ ಅದರಿಂದ ಮೆಲ್ಲಗೆ ಕೆರೆದೆ. ಅರ್ಧಕ್ಕರ್ಧ ಕಣಗಳು ಸತ್ತವು. ಉಳಿದವಕ್ಕೆ ಹದಿನೇಳಕ್ಕೆ ಮಾತ್ರ ಅಂಟುವ ಹೊಳೆಯುವ ಬಣ್ಣ ಹಾಕಿ ಎಣಿಸುವ ಯಂತ್ರಕ್ಕೆ ಕೊಟ್ಟೆ. ಬೆತ್ತಲೆ ಕಣಗಳು ಹಬ್ಬದ ಸೀರೆ ಉಟ್ಟ ಹಾಗೆ ಹೊಳೆದವು.

ನಾನು ನಂಬಲಿಲ್ಲ. ನಂಬದೆ ಇರುವುದನ್ನು ನೀವೇ ಕಲಿಸಿದ್ದು. ಟ್ರಿಪ್ಸಿನ್ ಬಂದ ಮೇಲೆ ಅದೇ ಕಣಗಳನ್ನು ಮೂರು ತಟ್ಟೆಗೆ ಹಂಚಿದೆ. ಒಂದನ್ನು ಕಡ್ಡಿಯಿಂದ ಕೆರೆದೆ, ಒಂದಕ್ಕೆ ಟ್ರಿಪ್ಸಿನ್ ಮೂರು ನಿಮಿಷ, ಇನ್ನೊಂದಕ್ಕೆ ಮೂವತ್ತು ನಿಮಿಷ. ಮೂರು ನಿಮಿಷದ್ದು ಸ್ವಲ್ಪ ಮಂಕಾಯಿತು. ಮೂವತ್ತರದ್ದು ಕತ್ತಲು. ಆ ಕತ್ತಲೆಯ ಕಣಗಳನ್ನು ತೊಳೆದು ಒಂದು ದಿನ ಊಟ ಹಾಕಿ ಇಟ್ಟೆ, ಮರುದಿನ ಅವೂ ಹೊಳೆದವು. ಹಿಮದಲ್ಲಿಟ್ಟಿದ್ದ ಹನ್ನೊಂದು ಜನರ ಯಕೃತ್ತಿನ ಚೂರುಗಳನ್ನು ಟ್ರಿಪ್ಸಿನ್ ಸೋಕದಂತೆ ತೆಳ್ಳಗೆ ಕೊಯ್ದು, ಅದೇ ಬಣ್ಣ ಹಾಕಿ ನೋಡಿದೆ. ಒಂಬತ್ತು ಹೊಳೆದವು. ಅಪ್ಪ, ಕಳ್ಳ ತನ್ನ ಅಂಗಿಯನ್ನು ಕಳಚಿರಲಿಲ್ಲ. ಠಾಣೆಯ ಬಾಗಿಲಲ್ಲಿ ನಾವೇ ಕಿತ್ತುಕೊಂಡು, ಆಮೇಲೆ ಇವನಿಗೆ ಅಂಗಿಯೇ ಇಲ್ಲ ಎಂದು ಬರೆದುಕೊಂಡೆವು.

ನಿಮ್ಮ ಲೇಖನ ನನಗೆ ಬಾಯಿಪಾಠ. ಆದರೂ ಮತ್ತೆ ತೆಗೆದೆ. ವಿಧಾನದ ಭಾಗದಲ್ಲಿ ಹೀಗಿದೆ: ಕಣಗಳು ಬಿಡುವವರೆಗೆ ಟ್ರಿಪ್ಸಿನ್‌ನಲ್ಲಿ ಇಡಲಾಯಿತು. ಬಿಡುವವರೆಗೆ. ಎಷ್ಟು ನಿಮಿಷ ಎಂದಿಲ್ಲ. ಹತ್ತೊಂಬತ್ತು ವರ್ಷ ಆ ಹಾಳೆ ನನ್ನ ಮೇಜಿನ ಮುಂದಿನ ಗೋಡೆಯ ಮೇಲಿತ್ತು. ಎಷ್ಟು ಹೊತ್ತು ಎಂದು ನಾನು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಬಿಡುವವರೆಗೆ ಇಟ್ಟೆ. ನನ್ನವೂ ಕತ್ತಲಾದವು. ನಾನೂ ಎರಡು ಲೇಖನ ಬರೆದೆ.

ನಿಮಿಷಗಳು ಎಲ್ಲಿದ್ದವು ಎಂದು ನನಗೆ ಗೊತ್ತಿತ್ತು. ನೆಲಮಾಳಿಗೆಯ ಕಪಾಟಿನಲ್ಲಿ, 1987ರ ಎತೆಲ್ಕಾ ಅತ್ತೆಯ ನೋಟುಪುಸ್ತಕದಲ್ಲಿ. ಪ್ರಯೋಗಶಾಲೆಯ ಒಂದೇ ಒಂದು ಗಡಿಯಾರ ಕೆಟ್ಟಿದ್ದ ವರ್ಷ ಅದು, ಅಲ್ಲವೆ? ತಟ್ಟೆಯನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಪಕ್ಕದ ಬರ್ನರ್ ಮೇಲೆ ಸಣ್ಣ ಪಾತ್ರೆಯಲ್ಲಿ ಕಾಫಿ ಕಾಯಿಸಿ, ಗಿಡ್ಡ ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು, ಅದು ಮುಗಿಯುವ ಹೊತ್ತಿಗೆ ತಟ್ಟೆಯನ್ನು ತೆಗೆದು ನೋಡುವುದು ಅಲ್ಲಿನ ಪದ್ಧತಿ. ಅತ್ತೆ ಪ್ರತಿ ತಟ್ಟೆಯ ಎದುರು ಅಂಚಿನಲ್ಲಿ ಲೋಟದ ಚಿತ್ರ ಬರೆಯುತ್ತಿದ್ದರು. ಮೂಲ ಗಡ್ಡೆಯಿಂದ ತಂದ ಕಣಗಳ ಎದುರು ಒಂದು ಲೋಟ, ಕೆಲವು ಕಡೆ ಅರ್ಧ. ಯಕೃತ್ತಿನಿಂದ ತಂದವುಗಳ ಎದುರು ಮೂರು. ಪುಟ ಪುಟಕ್ಕೂ ಹಾಗೆಯೇ. ಮೂರು ಲೋಟಗಳ ಸಾಲುಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಬಣ್ಣ ತುಂಬಿದೆ, ಒಂದು ಲೋಟದ ಸಾಲುಗಳನ್ನು ಹಾಗೆಯೇ ಬಿಟ್ಟಿದೆ. ಅದು ನನ್ನದೇ ಕೈ ಎಂದು ನೋಡಿದೊಡನೆ ಗುರುತು ಸಿಕ್ಕಿತು. ಶಾಲೆ ಮುಗಿಸಿಕೊಂಡು ಬಂದು ನಿಮಗಾಗಿ ಕಾಯುತ್ತ ಅಲ್ಲಿ ಕುಳಿತಿರುತ್ತಿದ್ದೆನಲ್ಲ. ಮೂರರ ಸಾಲು ಚೆಂದ ಕಾಣುತ್ತಿತ್ತು. ಹೀಗೆ ಯಾವ ತಟ್ಟೆಗಳು ಹಾಳಾದವು ಎಂದು ನಮ್ಮ ಮನೆಯವರಲ್ಲಿ ಮೊದಲು ಗುರುತು ಹಾಕಿದವಳು ನಾನೇ, ಏನು ಮಾಡುತ್ತಿದ್ದೇನೆಂದು ತಿಳಿಯದೆ.

ಭಾನುವಾರ ಆ ಪುಸ್ತಕ ಹಿಡಿದು ತಾರ್ಯಾನ್ ಬಡಾವಣೆಗೆ, ಅತ್ತೆಯ ಏಳನೇ ಮಹಡಿಗೆ ಹೋದೆ. ಅವರಿಗೀಗ ಎಂಬತ್ತೊಂದು. ಬಾಗಿಲು ಅರ್ಧ ತೆಗೆದು ಕೇಳಿದರು: “ನೀನಾ. ಅಪ್ಪ ಹೋಗ್ಬಿಟ್ರಾ?” ಇಲ್ಲ ಅತ್ತೆ, ಬಳ್ಳಿ ಕಟ್ತಿದ್ದಾರೆ ಎಂದೆ. “ಹಾಗಾದ್ರೆ ಶೂ ಬಿಚ್ಚಿ ಒಳಗ್ ಬಾ. ನೆಲ ಈಗ್ತಾನೆ ಒರೆಸಿದೀನಿ.” ಸಾರಿಗೆ ಹಾಕಲು ಹಿಟ್ಟನ್ನು ಚಿವುಟುತ್ತಿದ್ದರು. ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಕೈ ಒರೆಸಿಕೊಳ್ಳದೆ, ಮುಟ್ಟದೆ, ಬಗ್ಗಿ ನೋಡಿದರು. “ಇದನ್ನ ಗಲೀಜು ಮಾಡಿದ್ದು ನೀನು. ಬೇಡ ಕಣೇ ಅಂದ್ರೆ ಕೇಳ್ತಿರ್ಲಿಲ್ಲ.” ಒಂದು ಲೋಟ ಅಂದರೆ ಎಷ್ಟು ಹೊತ್ತು ಎಂದು ಕೇಳಿದೆ. “ಹತ್ತು ನಿಮಿಷ. ನಾನು ಸುಡೋ ಕಾಫಿ ಕುಡಿಯಲ್ಲ.” ಆಮೇಲೆ ತಾವಾಗಿಯೇ ಹೇಳಿದರು. ಹೇಳುವಾಗ ಹಿಟ್ಟು ಚಿವುಟುವುದನ್ನು ನಿಲ್ಲಿಸಲಿಲ್ಲ. “ಆ ಯಕೃತ್ತಿನವು ಬಿಡ್ತಾನೇ ಇರ್ಲಿಲ್ಲ. ಗೋಡೆಗೆ ಬಡಿದ ಮೊಳೆ ಹಾಗೆ ಕೂತಿರೋವು. ನಾನು ನಿಮ್ಮಪ್ಪನ್ನ ಕೇಳ್ದೆ. ಸಾರ್, ಮೈಮೇಲೆ ಏನೂ ಇಲ್ಲ ಅಂತೀರಿ, ಏನೂ ಇಲ್ದೇ ಇರೋದು ಗಾಜನ್ನ ಈ ಪಾಟಿ ಹೆಂಗೆ ಹಿಡ್ಕೊಂಡಿರುತ್ತೆ? ನಾವೇ ತುಂಬಾ ಹೊತ್ತು ನೆನೆಸಿ ಸವೆಸ್ತಿದೀವೇನೋ, ಒಂದ್ಸಲ ಕೆರೆದು ನೋಡ್ಲಾ ಅಂದೆ. ಕಡ್ಡಿನೂ ಮಾಡಿಟ್ಕೊಂಡಿದ್ದೆ.” ನೀವು ಕೊಟ್ಟ ಉತ್ತರ ಅವರಿಗೆ ಅಕ್ಷರಕ್ಕಕ್ಷರ ನೆನಪಿದೆ: “ಎತೆಲ್ಕಾ, ನಿಮ್ಮ ಕೆಲಸ ಕಾಫಿ ಮುಗಿಯೋವರೆಗೆ ಕಾಯೋದು. ಯೋಚ್ನೆ ಮಾಡೋಕೆ ನನಗೆ ಸಂಬಳ ಕೊಡ್ತಾರೆ.” ಎರಡು ತಿಂಗಳ ನಂತರ ಅವರನ್ನು ಗಾಜು ತೊಳೆಯುವ ಕೋಣೆಗೆ ಹಾಕಿದಿರಿ. ನಿವೃತ್ತಿಯವರೆಗೂ ಅವರು ಅಲ್ಲಿಯೇ ಇದ್ದರು. “ಗಾಜು ತೊಳೆದೂ ತೊಳೆದೂ ಕೋಪನೂ ತೊಳೆದುಹೋಗಿದೆ ಅನ್ಕೊಂಡಿದ್ದೆ ಕಣೇ. ಎಲ್ಲಿ, ತಳದಲ್ಲಿ ಹಾಗೇ ಕೂತಿದೆ.”

ನಿಮ್ಮನ್ನು ನಾನು ಮೋಸಗಾರ ಎನ್ನುತ್ತಿಲ್ಲ. ನೀವು ಸಂಖ್ಯೆಗಳನ್ನು ತಿದ್ದಲಿಲ್ಲ, ಅವು ಇದ್ದ ಹಾಗೆಯೇ ಬರೆದಿರಿ. ಗಡಿಯಾರ ಕೆಟ್ಟಿದ್ದೂ ನಿಮ್ಮ ತಪ್ಪಲ್ಲ. ಬಿಗಿಯಾಗಿ ಹಿಡಿದುಕೊಂಡದ್ದನ್ನು ಬಿಡಿಸಲು ಹೆಚ್ಚು ಹೊತ್ತು ಬೇಕು, ಹೆಚ್ಚು ಹೊತ್ತು ಇಟ್ಟರೆ ಮೈ ಸವೆಯುತ್ತದೆ. ಈ ತಪ್ಪನ್ನು ನಮ್ಮ ಕಸುಬಿನ ಯಾರಾದರೂ ಮಾಡಬಹುದು, ನಾನು ಹತ್ತೊಂಬತ್ತು ವರ್ಷ ಮಾಡಿದ್ದೇನೆ. ಆದರೆ ಒಬ್ಬರು ಬಂದು ಕೇಳಿದರು. ಕೈಯಲ್ಲಿ ಕಡ್ಡಿ ಹಿಡಿದುಕೊಂಡು ಕೇಳಿದರು. ನನ್ನ ಮಟ್ಟಿಗೆ ನಿಮ್ಮ ತಪ್ಪು ಶುರುವಾಗುವುದು ಟ್ರಿಪ್ಸಿನ್ ಬಾಟಲಿಯಿಂದಲ್ಲ, ಆ ಉತ್ತರದಿಂದ. ಇದನ್ನು ಬರೆಯಲು ಈ ವಾರ ನಾಲ್ಕು ಹಾಳೆ ಹರಿದೆ. ಐದನೆಯದನ್ನು ಹರಿಯುವುದಿಲ್ಲ.

ನಿರ್ದೇಶಕ ಬೆರ್ತಲನ್‌ಗೆ ಎಲ್ಲವನ್ನೂ ತೋರಿಸಿದೆ. ಅವನು ನಿಮ್ಮ ಕೊನೆಯ ವಿದ್ಯಾರ್ಥಿ, ಒಳ್ಳೆಯವನು. ಚಿತ್ರಗಳನ್ನು ನೋಡಿ ಎದ್ದು ಬಾಗಿಲು ಮುಚ್ಚಿದ. ಇದೇ ತಿಂಗಳ ಹದಿನಾರನೇ ತಾರೀಖು ದೊಡ್ಡ ಸಭಾಂಗಣಕ್ಕೆ ನಿಮ್ಮ ಹೆಸರಿಡುವ ಸಮಾರಂಭ. ಮಗಳಾಗಿ ನಾನು ಮಾತನಾಡಬೇಕೆಂದು ಮಾರ್ಚ್‌ನಲ್ಲಿಯೇ ಹೇಳಿದ್ದರು. “ಎಮೊಕೆ, ಫಲಕ ಆಗ್ಲೇ ಕೆತ್ತಿಸಿ ಆಯ್ತು. ಮೇಯರ್ ಬರ್ತಾರೆ. ಆ ದಿನ ಒಂದು ದಾಟಿಸಿಬಿಡು. ಸೆಪ್ಟೆಂಬರ್‌ನಲ್ಲಿ ವಿಧಾನದಲ್ಲಿ ಸುಧಾರಣೆ ಅಂತ ಒಂದು ಸಣ್ಣ ಟಿಪ್ಪಣಿ ಹಾಕೋಣ. ಯಾರ ಹೆಸರೂ ಬೇಡ.” ಪರೀಕ್ಷೆಗೆ ಸೇರಿಸಿಕೊಳ್ಳುವ ಪಟ್ಟಿ ಈ ತಿಂಗಳ ಮೂವತ್ತೊಂದಕ್ಕೆ ಮುಚ್ಚುತ್ತದೆ ಎಂದೆ. “ಅದು ನನಗೂ ಗೊತ್ತು. ಆದ್ರೆ ನಿಮ್ಮಪ್ಪನಿಗೆ ಎಂಬತ್ತನಾಲ್ಕು.” ಶರೊಲ್ತಾಳಿಗೆ ಐವತ್ತಮೂರು ಎಂದೆ. ಅವನು ನಕ್ಕುಬಿಟ್ಟ, ಸಿಟ್ಟಿನ ನಗು. “ಹರ್ಶಾನಿ ಮನೆತನದವರ ಜೊತೆ ವಾದ ಮಾಡೋ ಬದ್ಲು ತಿಸಾ ನದಿನ ಹಿಂದಕ್ಕೆ ತಳ್ಳಬಹುದು” ಎಂದ. ಹೊರಗೆ ಬರುವಾಗ ಗಮನಿಸಿದೆ, ನಾನು ನಿಂತಿದ್ದ ರೀತಿ, ಮೇಜಿನ ಅಂಚಿಗೆ ಬೆರಳು ಊರಿದ ರೀತಿ, ಎಲ್ಲ ನಿಮ್ಮದೇ. ನಿಮ್ಮಿಂದ ಬಂದ ಹಟವನ್ನೇ ನಿಮ್ಮ ಎದುರು ಹಿಡಿದಿದ್ದೇನೆ. ಬೇರೆ ಹಟ ನನ್ನ ಬಳಿ ಇಲ್ಲ.

ಔಷಧ ಪರೀಕ್ಷೆಯ ಸಮಿತಿಗೂ ಬರೆದೆ. ಮೂರು ದಿನದಲ್ಲಿ ಉತ್ತರ ಬಂತು. ನನ್ನ ಚಿತ್ರಗಳನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಒಂಬತ್ತನೇ ಕಲಮು ನಿಂತಿರುವುದು ನಿಮ್ಮ ಲೇಖನದ ಮೇಲೆ. ಅದನ್ನು ಬರೆದವರೇ ಹಿಂತೆಗೆದುಕೊಂಡರೆ ಕಲಮನ್ನು ಕೂಡಲೇ ತೆಗೆಯಬಹುದು, ಇಲ್ಲದಿದ್ದರೆ ವಿಚಾರಣೆ ನಡೆಯಬೇಕು, ಅದಕ್ಕೆ ಒಂದು ವರ್ಷ ಹಿಡಿಯುತ್ತದೆ. ಶರೊಲ್ತಾಳ ಬಳಿ ಒಂದು ವರ್ಷವಿಲ್ಲ. ಅವಳಂಥವರು ಈ ಮೂರು ಊರುಗಳಲ್ಲಿ ಇನ್ನೂ ನಲವತ್ತು ಜನರಿದ್ದಾರೆ. ಔಷಧ ಅವಳಿಗೆ ನಾಟುತ್ತದೆ ಎಂದು ನಾನು ಹೇಳುತ್ತಿಲ್ಲ, ಯಾರೂ ಹೇಳಲಾರರು. ನಾಟದೆ ಹೋದರೆ ಅದು ರೋಗದ ಕೆಲಸ. ಬಾಗಿಲು ಮುಚ್ಚಿರುವುದು ಮಾತ್ರ ನಮ್ಮ ಕೆಲಸ.

ಆದ್ದರಿಂದ ಹದಿನಾರರಂದು ನಾನು ಮಾತನಾಡುತ್ತೇನೆ. ನೀವು ಎಂಥ ಶಿಕ್ಷಕ ಎಂದು ಹೇಳುತ್ತೇನೆ, ಅದರಲ್ಲಿ ಒಂದು ಮಾತೂ ಸುಳ್ಳಿರುವುದಿಲ್ಲ. ಆಮೇಲೆ ನೋಟುಪುಸ್ತಕದ ಆ ಪುಟವನ್ನು ಪರದೆಯ ಮೇಲೆ ಹಾಕುತ್ತೇನೆ. ಕೆಂಪು ಲೋಟಗಳು ಮೇಯರಿಗೂ ಕಾಣುವಷ್ಟು ದೊಡ್ಡದಾಗಿ. ನನ್ನ ಎರಡು ಲೇಖನಗಳನ್ನು ಮೊನ್ನೆಯೇ ಹಿಂತೆಗೆದುಕೊಂಡೆ. ನನ್ನ ಹೆಸರಿನ ಎದುರು ಈಗ ಏನೂ ಇಲ್ಲ. ವಿಚಿತ್ರವೆಂದರೆ ಹೀಗೆ ಬೆತ್ತಲೆ ನಿಲ್ಲುವುದು ನಾನು ಹೆದರಿದಷ್ಟು ಚಳಿಯಾಗಿಲ್ಲ. ಫಲಕವನ್ನು ತೂಗುಹಾಕುವುದು ಬಿಡುವುದು ಅವರಿಗೆ ಸೇರಿದ್ದು. ನೀವು ಸಿಟ್ಟು ಮಾಡಿಕೊಳ್ಳಬಹುದು, ಫೋನ್ ಎತ್ತದೆ ಇರಬಹುದು (ಈಗಲೂ ನೀವು ಎತ್ತುವುದಿಲ್ಲ), ಚಿಕ್ಕಮ್ಮ ಓದುತ್ತಿರುವಾಗಲೇ ಅರ್ಧದಲ್ಲಿ ಎದ್ದು ಒಳಗೆ ಹೋಗಿರಲೂಬಹುದು. ಹಾಗೇನಾದರೂ ಆಗಿದ್ದರೆ, ಚಿಕ್ಕಮ್ಮ, ದಯವಿಟ್ಟು ಒಳಗೆ ಹೋಗಿ ಉಳಿದದ್ದನ್ನು ಗಟ್ಟಿಯಾಗಿ ಓದಿ. ಅವರ ಕಿವಿಯೇನೂ ಕೆಟ್ಟಿಲ್ಲ.

ಬಳ್ಳಿಗಳು ಚಿಗುರಿರಬೇಕು. ಬೆಳಗಿನ ಚಳಿಯಲ್ಲಿ ಬರಿಗಾಲಲ್ಲಿ ಸಾಲುಗಳ ನಡುವೆ ಓಡಾಡಬೇಡಿ. ಚಿಕ್ಕಮ್ಮನ ಮಂಡಿಗೆ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೊಳ್ಳಲು ಹೇಳಿ. ನಿಮ್ಮ ಎರಡು ಕಣ್ಣುಗಳೂ ನನ್ನನ್ನು ಚೆನ್ನಾಗಿ ನೋಡುವಂತಾಗಲಿ, ಬೈಯುವುದಕ್ಕಾದರೂ ಸರಿ.

ನಿಮ್ಮ ಮಗಳು,
ಎಮೊಕೆ

ಮರೆತ ಮಾತು: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಟ್ರಾಮಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಚಿಕ್ಕಮ್ಮ ಕ್ಷಮಿಸಲಿ. ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. 1988ರ ಲೇಖನವನ್ನು ಹಿಂತೆಗೆದುಕೊಳ್ಳುವ ಪತ್ರ. ನಿಮ್ಮ ಜೊತೆ ಅದನ್ನು ಬರೆದವರು ತೀರಿಕೊಂಡು ಹನ್ನೊಂದು ವರ್ಷವಾಯಿತು, ಉಳಿದಿರುವುದು ನಿಮ್ಮ ಸಹಿ ಒಂದೇ. ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಈ ದೋಷವನ್ನು ಮೊದಲು ಕಂಡವರು ಎತೆಲ್ಕಾ ಎಂದು ಮೇಲಿನ ಸಾಲಿನಲ್ಲಿ ಬರೆದಿದ್ದೇನೆ, ಅದನ್ನು ಹೊಡೆದುಹಾಕಿ ಸಹಿ ಮಾಡುವುದಾದರೆ ಸಹಿ ಬೇಡ. ಅಂಚೆಯಲ್ಲಿ ಕಳಿಸಬೇಡಿ, ನೀವೇ ತನ್ನಿ. ಚಿಗುರಿನ ಮೇಲೆ ಹಿಮ ಬೀಳುವ ಮಂಜಿನ ಸಂತರ ದಿನಗಳಲ್ಲಿ ಬಳ್ಳಿ ಬಿಟ್ಟು ಬರಲಾಗುವುದಿಲ್ಲ ಎಂಬ ನೆಪ ಬೇಡ, ಅವರ ಮೂರು ದಿನ ಹದಿನಾಲ್ಕಕ್ಕೆ ಮುಗಿಯುತ್ತದೆ. ಹದಿನಾರರಂದು ಮೊದಲ ಐದು ನಿಮಿಷ ನಿಮಗೆ ಎಂದು ಬೆರ್ತಲನ್‌ಗೆ ಹೇಳಿದ್ದೇನೆ. ನೀವು ಬರದಿದ್ದರೆ ಆ ಐದು ನಿಮಿಷವೂ ನನ್ನದು. ಅತ್ತೆಯನ್ನೂ ಕರೆದಿದ್ದೇನೆ. ಬರುತ್ತಾರಂತೆ. ಅವರು ಹೇಳಿಕಳಿಸಿದ ಮಾತು ಇದು: “ಸಮಾರಂಭಕ್ಕೆ ಮುಂಚೆ ಹಳೇ ಪ್ರಯೋಗಶಾಲೆಲಿ ಕೂತಿರ್ತೀನಿ. ಕಾಫಿ ಅವರು ಮಾಡ್ಲಿ. ಒಂದು ಲೋಟ ಮುಗಿಯೋವರೆಗೆ ಕಾಯ್ತೀನಿ, ಮೂರಲ್ಲ.”